ಫಿಂಟನ್ನನ ವಂದನಾರ್ಪಣೆ

ಬ್ರೆಡ್ಡು ಬೆಣ್ಣೆ ತಿಂದರೆ ನಾಯಿಕೆಮ್ಮು ಹೋಗುವುದಿಲ್ಲ. ಅದಕ್ಕೆ ಸೂಜಿ ಇದೆ, ಔಷಧಿ ಇದೆ, ಸರ್ಕಾರಿ ಡಾಕ್ಟರು ಇದ್ದಾರೆ. ಇದು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಮಗುವಿಗೆ ಸೂಜಿ ಹಾಕಿಸಿಕೊಂಡು ಬನ್ನಿ. ಕತೆ ಎಲ್ಲಿಗೂ ಓಡಿಹೋಗುವುದಿಲ್ಲ.

ಐರ್ಲೆಂಡಿನ ಲೀಟ್ರಿಮ್ ಸೀಮೆಯ ಡ್ರಮ್‌ಕೀಲ್ ಎಂಬ ಊರಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ, ಗೊತ್ತಿತ್ತು. ಆದರೆ ಡಾಕ್ಟರು ಇದ್ದದ್ದು ಬಸ್ಸು ಹತ್ತಿ ಹೋಗುವಷ್ಟು ದೂರದ ಪೇಟೆಯಲ್ಲಿ. ಅಟ್ರಾಕ್ಟಾ ಮೆಕ್‌ಗವರ್ನ್ ಎರಡು ಹೊಲ ದಾಟಿದರೆ ಸಿಗುತ್ತಿದ್ದಳು. ಆ ಊರಿನಲ್ಲಿ ಸಂಧಿವಾತಕ್ಕೆ ಜೇಬಿನಲ್ಲಿ ಆಲೂಗಡ್ಡೆ, ಕಣ್ಣಿನ ಕುರುವಿಗೆ ಗೂಸ್‌ಬೆರಿ ಗಿಡದ ಮುಳ್ಳು, ಹುಳುಕಡ್ಡಿಗೆ ಏಳನೆಯ ಮಗನಾಗಿ ಹುಟ್ಟಿದವನ ಕೈ. ನಾಯಿಕೆಮ್ಮಿಗೆ ಅಟ್ರಾಕ್ಟಾ.

ಯಾಕೆ ಅಟ್ರಾಕ್ಟಾ? ಅವಳು ತವರಿನಲ್ಲೂ ಮೆಕ್‌ಗವರ್ನ್, ಗಂಡನ ಮನೆಯಲ್ಲೂ ಮೆಕ್‌ಗವರ್ನ್. ಎರಡು ಮನೆಗೂ ನೆಂಟಸ್ತನವಿಲ್ಲ, ಹೆಸರು ಮಾತ್ರ ಒಂದೇ. ಮದುವೆಯಾದರೂ ಮನೆತನದ ಹೆಸರು ಬದಲಾಗದ ಹೆಂಗಸಿನ ಕೈಯಿಂದ ಬ್ರೆಡ್ಡು ಇಸಕೊಂಡು ತಿಂದರೆ ನಾಯಿಕೆಮ್ಮು ಬಾಲ ಮುದುರಿ ಓಡುತ್ತದೆ ಎಂಬುದು ಆ ಸೀಮೆಯ ಶಾಸ್ತ್ರ. ಸಹಿ ಹಾಕಿ ಚರ್ಚಿನಿಂದ ಹೊರಬರುವಷ್ಟರಲ್ಲಿ ಪಾಪದ ಹುಡುಗಿಗೆ ಕೈಗುಣ ಅಂಟಿಕೊಂಡಿತ್ತು. ಬೇಕಾ ಅಂತ ಒಬ್ಬರೂ ಕೇಳಲಿಲ್ಲ!

ಆ ಕೈಗುಣಕ್ಕೆ ಎರಡೇ ಕಟ್ಟಳೆ. ಕಾಸು ಕೊಡಬಾರದು. ಥ್ಯಾಂಕ್ಸ್ ಹೇಳಬಾರದು. ಎರಡರಲ್ಲಿ ಒಂದು ತಪ್ಪಿದರೂ ಕೈಗುಣ ಆ ಕ್ಷಣಕ್ಕೆ ಹಾರಿಹೋಯಿತು, ಮತ್ತೆ ಬಾರದು.

ಎಂಥ ಚೆಂದದ ಶಾಸ್ತ್ರ ನೋಡಿ! ಹಿಟ್ಟು ನಾದುವ ಕೈ ಹೆಂಗಸಿನದು, ಒಲೆಯ ಮುಂದೆ ಬೇಯುವ ಮುಖ ಹೆಂಗಸಿನದು. ಕೂಲಿ ಕೊಟ್ಟರೆ ಪಾಪ, ಥ್ಯಾಂಕ್ಸ್ ಅಂದರೆ ಮಹಾಪಾಪ! ಇದನ್ನು ಮೊದಲು ಹೇಳಿದವರು ಯಾರೋ ತಿಳಿಯದು. ಗಂಡಸು ಎನ್ನುವುದರಲ್ಲಿ ಮಾತ್ರ ಯಾವ ಅನುಮಾನವೂ ಬೇಡ.

ಆದರೆ ಆ ಹೆಂಗಸಿನ ಗಂಡನಿಗೆ ಒಂದು ಗ್ಲಾಸು ಕರಿ ಬಿಯರು ಕೊಡಿಸಬಾರದು ಎಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ.

ಹೀಗಾಗಿ ಫಿಂಟನ್ ಮೆಕ್‌ಗವರ್ನ್ ಮದುವೆಯಾದ ಇಪ್ಪತ್ತು ವರ್ಷದಲ್ಲಿ ಮಹಾಪುರುಷನಾಗಿದ್ದ. ಪ್ಯಾಕಿಯ ಪಬ್ಬಿನಲ್ಲಿ ಬೆಂಕಿಯ ಪಕ್ಕದ ಕುರ್ಚಿ ಅವನದು. ಡೈರಿಯ ಸಾಲಿನಲ್ಲಿ ಅವನ ಹಾಲಿನ ಕ್ಯಾನು ತಾನಾಗಿಯೇ ಮುಂದೆ ಸರಿಯುತ್ತಿತ್ತು. ಅವನ ಹುಲ್ಲನ್ನು ಊರವರು ಕೊಯ್ದು ಕೊಡುತ್ತಿದ್ದರು. ಕ್ರಿಸ್‌ಮಸ್ಸಿಗೆ ಬಾಗಿಲಲ್ಲಿ ಯಾರೋ ಟರ್ಕಿ ಕೋಳಿ ಕಟ್ಟಿಹೋಗುತ್ತಿದ್ದರು. ಅದರ ಪುಕ್ಕ ತರಿಯುವುದು ಮತ್ತೆ ಅಟ್ರಾಕ್ಟಾಳೇ!

"ನನ್ನ ಹೆಸರಿಂದಲೇ ಅವಳಿಗೆ ಕೈಗುಣ ಬಂದದ್ದು," ಎಂದು ಅವನು ಬೆಂಕಿಗೆ ಕಾಲು ಚಾಚಿ ಹೇಳುತ್ತಿದ್ದ. "ಯಾವನೋ ಓರೂರ್ಕ್ ಮನೆತನದವನನ್ನ ಕಟ್ಕೊಂಡಿದ್ರೆ ಏನಾಗ್ತಿತ್ತು ಹೇಳಿ? ಬರೀ ಬ್ರೆಡ್ಡು!"

"ಬರೀ ಬ್ರೆಡ್ಡು," ಎಂದು ಪಬ್ಬು ತಲೆದೂಗುತ್ತಿತ್ತು.

ಊರಿಗೆ ಕರೆಂಟು ಬಂದ ಮರುವರ್ಷ ಅಂಚೆ ಕಚೇರಿಯ ಡಿಂಪ್ನಾಗೆ ಒಂದು ಯೋಚನೆ ಬಂತು. ಊರಿನ ಕಾನೂನು, ಸಂಪ್ರದಾಯ, ಬೇರೆಯವರ ಕಾಗದ, ಎಲ್ಲವೂ ಆಕೆಗೆ ಬಾಯಿಪಾಠ. "ಅಟ್ರಾಕ್ಟಾಗೆ ಸನ್ಮಾನ ಮಾಡೋ ಹಾಗಿಲ್ಲ, ಅದು ಥ್ಯಾಂಕ್ಸ್ ಹೇಳಿದ ಹಾಗಾಗುತ್ತೆ. ಹಂಗಂತ ಸುಮ್ನೆ ಕೂತ್ರೆ ಊರಿಗೇನು ಮರ್ಯಾದೆ? ಗಂಡನಿಗೆ ಮಾಡೋಣ!"

ಎಲ್ಲರೂ ಹೌದೌದು ಅಂದರು. ಅನ್ನದೆ ಏನು? ಬೆಂದವರು ಒಬ್ಬರು, ಹಾರ ಇನ್ನೊಬ್ಬರಿಗೆ. ಇದು ಡ್ರಮ್‌ಕೀಲಿನಲ್ಲಿ ಮಾತ್ರ ನಡೆಯುತ್ತದೆ ಎಂದು ನೀವು ತಿಳಿದಿದ್ದರೆ ನಿಮ್ಮ ಊರಿನ ಸಭೆಗಳಿಗೆ ನೀವು ಹೋಗಿಲ್ಲ.

ಸುದ್ದಿ ಕೇಳಿದ ಫಿಂಟನ್ ಅಂಗಳದಲ್ಲಿ ನಿಂತು ಪ್ರತಿಜ್ಞೆ ಮಾಡಿದ. "ಅಟ್ರಾಕ್ಟಾ! ಈ ಊರು ಇದುವರೆಗೆ ಕೇಳಿರದಂಥ ಭಾಷಣ ಮಾಡ್ತೀನಿ. ಕೈಯಲ್ಲಿ ಚೀಟಿ ಇಲ್ಲ, ನಾಲಿಗೆಯಲ್ಲಿ ತಡವರಿಕೆ ಇಲ್ಲ!"

"ತಲೆಯಲ್ಲಿ?" ಎಂದಳು ಅವಳು, ಬಟ್ಟೆ ಹಿಂಡುತ್ತ.

"ನಗು, ನಗು. ಆ ದಿನ ಮೊದಲ ಸಾಲಿನಲ್ಲಿ ಕೂತು ಕೇಳು."

"ನನ್ನ ಬಗ್ಗೆ ಏನು ಹೇಳ್ತೀಯಾ?"

"ನಿನ್ನ ಬಗ್ಗೆ ಹೇಗೆ ಹೇಳೋದು ಮಾರಾಯ್ತಿ? ಕಟ್ಟಳೆ ಇದೆಯಲ್ಲ! ಒಂದು ಮಾತು ಜಾಸ್ತಿಯಾದ್ರೆ ಕೈಗುಣ ಹೋಯ್ತು. ನಿನ್ನ ಒಳ್ಳೇದಕ್ಕೇ ನಾನು ಇಪ್ಪತ್ತು ವರ್ಷದಿಂದ ಬಾಯಿ ಕಟ್ಕೊಂಡಿರೋದು."

"ಒಂದಿನವಾದರೂ ಬಿಚ್ಚಬೇಕು ಅಂತ ಅನ್ನಿಸಲಿಲ್ವಾ?"

"ಅನ್ನಿಸ್ತು, ಅನ್ನಿಸ್ತು. ತಡ್ಕೊಂಡೆ," ಎಂದ ಫಿಂಟನ್, ಹುತಾತ್ಮನ ಮುಖ ಮಾಡಿ.

ವಾರವಿಡೀ ಅವನು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಅಭ್ಯಾಸ ಮಾಡಿದ. ಹಸು ಮೊದಲ ದಿನ ಕೇಳಿತು, ಎರಡನೆಯ ದಿನ ಗೋಡೆ ಕಡೆ ತಿರುಗಿತು, ಮೂರನೆಯ ದಿನ ಹಾಲು ಕಡಿಮೆ ಕೊಟ್ಟಿತು. ವಿಮರ್ಶಕರಿಗೆ ಅವನು ಹೆದರುವವನಲ್ಲ.

ಸನ್ಮಾನದ ಸಂಜೆ ಚರ್ಚಿನ ಸಭಾಭವನ ತುಂಬಿ ತುಳುಕುತ್ತಿತ್ತು. ಹೊಸ ಬಲ್ಬಿನ ಬೆಳಕಿನಲ್ಲಿ ಊರವರಿಗೆಲ್ಲ ಊರವರ ಮುಖ ಮೊದಲ ಸಲ ಸರಿಯಾಗಿ ಕಂಡು, ಅನೇಕರಿಗೆ ಬೇಸರವೇ ಆಯಿತು. ಅಧ್ಯಕ್ಷತೆ ಫಾದರ್ ಟೂಹಿಯವರದು. ಫಾದರ್ ಈ ಕೈಗುಣ, ಮುಳ್ಳು, ಆಲೂಗಡ್ಡೆಗಳನ್ನೆಲ್ಲ ಭಾನುವಾರದ ಪೂಜೆಯಲ್ಲಿ ಉಗ್ರವಾಗಿ ಖಂಡಿಸುತ್ತಿದ್ದರು. ಕೆಮ್ಮು ಬಂದಾಗ ಅಟ್ರಾಕ್ಟಾಳ ಹಿಂಬಾಗಿಲಿಗೆ ಬರುತ್ತಿದ್ದರು. ಫಿಂಟನ್ನನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅಟ್ರಾಕ್ಟಾ ಮೊದಲ ಸಾಲಿನಲ್ಲಿ, ತನ್ನ ಕೋಟಿನ ಜೊತೆ ಗಂಡನ ಕೋಟು, ಟೋಪಿ, ಗಡಿಯಾರದ ಡಬ್ಬ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರಾಶಿಯ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಫಿಂಟನ್ ಎದ್ದ. ಗಂಟಲು ಸರಿಮಾಡಿಕೊಂಡ. ಮೆಕ್‌ಗವರ್ನ್ ವಂಶದ ಶೌರ್ಯ ಹೇಳಿದ, ಅಜ್ಜ ಗೂಳಿಗೆ ಹೆದರದೆ ಗೋಡೆ ಹತ್ತಿದ್ದನ್ನು ಹೇಳಿದ, ಚಪ್ಪಾಳೆ ಗಿಟ್ಟಿಸಿದ. ಕೊನೆಗೆ ವಂದನಾರ್ಪಣೆಗೆ ಬಂದ. ಅಲ್ಲಿಂದ ಇಳಿಜಾರು. ಬ್ರೇಕಿಲ್ಲದ ಸೈಕಲ್ಲು!

"ಅಧ್ಯಕ್ಷತೆ ವಹಿಸಿದ ಫಾದರ್ ಟೂಹಿಯವರಿಗೆ ಥ್ಯಾಂಕ್ಸ್! ಗಡಿಯಾರ ಆರಿಸಿದ ಡಿಂಪ್ನಾಗೆ ಥ್ಯಾಂಕ್ಸ್! ಪಿಟೀಲು ಬಾರಿಸಿದವರಿಗೆ ಥ್ಯಾಂಕ್ಸ್! ಬಾರಿಸ್ತೀನಿ ಅಂತ ಬಂದು ಕುಡಿದು ಮಲಗಿದವರಿಗೂ ಥ್ಯಾಂಕ್ಸ್! ಚಹಾ ಮಾಡಿದ ತಾಯಂದಿರಿಗೆ, ಕುರ್ಚಿ ಹಾಕಿದ ಪ್ಯಾಕಿಗೆ, ಬಲ್ಬು ಕೊಟ್ಟ ಸರ್ಕಾರಕ್ಕೆ ಥ್ಯಾಂಕ್ಸ್! ಎಲ್ಲಕ್ಕಿಂತ ಮಿಗಿಲಾಗಿ, ಇಪ್ಪತ್ತು ವರ್ಷದಿಂದ ನಮಗೆಲ್ಲ ಬ್ರೆಡ್ಡು ಸುಟ್ಟು ಕೊಡ್ತಿರೋ ನನ್ನ ಹೆಂಡತಿ ಅಟ್ರಾಕ್ಟಾಗೆ ತುಂಬು ಹೃದಯದ ಥ್ಯಾಂಕ್ಸ್!"

ಚಪ್ಪಾಳೆಗೆಂದು ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಎಲ್ಲೋ ಒಂದು ಕಪ್ಪು ಬಿದ್ದು ಒಡೆಯಿತು. ಫಾದರ್ ಟೂಹಿ ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡರು.

"ಹೇಳಿಬಿಟ್ಟ," ಎಂದಳು ಡಿಂಪ್ನಾ, ಸತ್ತವರ ಮನೆಯ ದನಿಯಲ್ಲಿ. "ಬಾಯಿಬಿಟ್ಟು ಹೇಳಿಯೇಬಿಟ್ಟ."

"ಏನು ಹೇಳಿದೆ?" ಎಂದ ಫಿಂಟನ್. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಗಡಿಯಾರದ ಮುಖಕ್ಕಿಂತ ಬಿಳಿಚಿಕೊಂಡ.

ಮೊದಲ ಸಾಲಿನಲ್ಲಿ, ಕೋಟು ಟೋಪಿಗಳ ರಾಶಿಯ ಹಿಂದೆ, ಅಟ್ರಾಕ್ಟಾಳ ಗಲ್ಲ ಮೆಲ್ಲಗೆ ಮೇಲೆದ್ದಿತು. ಅವಳು ನಗುತ್ತಿದ್ದಳು.

ಮರುದಿನ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ. ಅಟ್ರಾಕ್ಟಾ ಬಿಸಿಲು ಏರುವವರೆಗೆ ಮಲಗಿದಳು. ಎದ್ದವಳು ಒಲೆಯ ಮುಂದೆ ಕಾಲು ನೀಡಿ ಕೂತು ಪೂರ್ತಿ ಒಂದು ಕಪ್ಪು ಚಹಾ ಕುಡಿದಳು, ಬಿಸಿ ಇರುವಾಗಲೇ. ಮದುವೆಯಾದ ಮೇಲೆ ಇದು ಮೊದಲು.

ಫಿಂಟನ್ ಪಬ್ಬಿಗೆ ಹೋದ. ಬೆಂಕಿಯ ಪಕ್ಕದ ಕುರ್ಚಿಯಲ್ಲಿ ಬ್ಯಾಟಿ ಕೂತಿದ್ದ. ಈ ಬ್ಯಾಟಿ ಊರ ಹೊರಗಿನ ಮೊಲ ಹಿಡಿಯುವವನು. ಅವನ ಮಡಿಲಲ್ಲಿ ಅವನ ಫೆರೆಟ್ಟು. ಮುಂಗುಸಿಯ ದಾಯಾದಿಯಂಥ ಪ್ರಾಣಿ, ಮುಂಗುಸಿಗಿಂತ ಕೆಟ್ಟ ವಾಸನೆ. ಅದಕ್ಕೆ ಬಿಷಪ್ ಎಂದು ಹೆಸರಿಟ್ಟಿದ್ದ. ಫೆರೆಟ್ಟು ಕುಡಿದು ಬಿಟ್ಟ ಎಂಜಲು ಹಾಲು ನಾಯಿಕೆಮ್ಮಿಗೆ ಮದ್ದು ಎಂಬುದೂ ಆ ಸೀಮೆಯ ಶಾಸ್ತ್ರವೇ. ಬ್ರೆಡ್ಡು ಇರುವಾಗ ಎಂಜಲು ಯಾರಿಗೆ ಬೇಕು ಅಂತ ಬಿಷಪ್ ಇಷ್ಟು ವರ್ಷ ಮೂಲೆಯಲ್ಲಿದ್ದ. ಈಗ ರಾತ್ರೋರಾತ್ರಿ ಪಟ್ಟಾಭಿಷೇಕ! ಬ್ಯಾಟಿಯ ಎದುರು ಗ್ಲಾಸುಗಳು, ಬಿಷಪ್ಪನ ಎದುರು ಬೆಳ್ಳಿ ಅಂಚಿನ ಬಸಿ.

"ಇದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಏನಾಗಲ್ಲ," ಎಂದ ಬ್ಯಾಟಿ. "ಮದ್ದಿಗೂ ತಗುಲಲ್ಲ, ಪ್ರಾಣಿಗೂ ತಿಳಿಯಲ್ಲ."

"ಥ್ಯಾಂಕ್ಸ್, ಬಿಷಪ್!" ಎಂದಿತು ಪಬ್ಬು ಒಕ್ಕೊರಲಿನಿಂದ, ಫಿಂಟನ್ನನ ಕಡೆ ನೋಡಿ.

ಪ್ಯಾಕಿ ಫಿಂಟನ್ನನ ಎದುರು ಗ್ಲಾಸಿಟ್ಟು ಕೈ ಚಾಚಿದ. ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡ ಫಿಂಟನ್ ಕಣ್ಣು ತುಂಬಿ ಆ ಕೈಯನ್ನು ಬಲವಾಗಿ ಕುಲುಕಿದ.

"ಅದಲ್ಲ ಯಜಮಾನ್ರೇ," ಎಂದ ಪ್ಯಾಕಿ. "ಕಾಸು."

ಫಿಂಟನ್ ಅಂದೇ ಡಿಂಪ್ನಾಳ ಹತ್ತಿರ ಓಡಿದ. ಕಾಲಿಗೆ ಬೀಳುವುದೊಂದು ಬಾಕಿ. "ಡಿಂಪ್ನಕ್ಕ, ಏನಾದ್ರೂ ದಾರಿ ಹುಡುಕು. ಒಂದು ಫೆರೆಟ್ಟಿನ ಕೈಲಿ ಸೋತು ನಾನು ಬದುಕೋದು ಹೇಗೆ?"

ಡಿಂಪ್ನಾ ಕನ್ನಡಕ ಏರಿಸಿದಳು. "ಥ್ಯಾಂಕ್ಸ್ ಹೇಳಬಾರದು ಅನ್ನೋದು ಯಾರಿಗೆ? ಕೆಮ್ಮಿಗೆ ಅಂತ ಬ್ರೆಡ್ಡು ತಿಂದವರಿಗೆ. ನೀನು ಹಸಿವಿಗೆ ತಿಂದವನು. ಒಂದು ಸಲವಾದ್ರೂ ಕೆಮ್ಮಿದ್ದೀಯಾ?"

"ಹುಟ್ಟಿದಾಗಿನಿಂದ ಕೆಮ್ಮಿಲ್ಲ!" ಎಂದ ಫಿಂಟನ್, ಎದೆ ತಟ್ಟಿ.

"ಹಂಗಾದ್ರೆ ನಿನ್ನ ಥ್ಯಾಂಕ್ಸ್ ಲೆಕ್ಕಕ್ಕೇ ಇಲ್ಲ. ಕೈಗುಣ ಇದ್ದಲ್ಲೇ ಇದೆ. ಆದರೆ ಊರ ಮುಂದೆ ರುಜುವಾತಾಗಬೇಕು."

ಪಬ್ಬಿನಲ್ಲಿ ನ್ಯಾಯ ಕೂಡಿತು. ಗಂಡಸರೆಲ್ಲ ಪೈಪು ಹಚ್ಚಬೇಕು, ಫಿಂಟನ್ ನಡುವೆ ನಿಲ್ಲಬೇಕು, ಕೆಮ್ಮದಿದ್ದರೆ ಗೆದ್ದ. ಬಾಗಿಲು ಮುಚ್ಚಿದರು. ಆ ಸೀಮೆಯಲ್ಲಿ ಸೌದೆಯ ಬದಲು ಉರಿಸುವ ಜವುಗುಮಣ್ಣಿನ ಹಸಿ ಹೆಂಟೆಯನ್ನು ಒಲೆಗೆ ಹಾಕಿದರು. ಅರೆಗಳಿಗೆಯಲ್ಲಿ ಹೊಗೆ ಎಷ್ಟು ದಟ್ಟವಾಯಿತೆಂದರೆ ಬ್ಯಾಟಿ ತನ್ನ ಫೆರೆಟ್ಟೆಂದುಕೊಂಡು ಫಾದರ್ ಟೂಹಿಯ ತಲೆ ಸವರುತ್ತಿದ್ದ. ಫಿಂಟನ್ನನ ಕಣ್ಣು ಕೆಂಪಾದವು. ಕುತ್ತಿಗೆ ಊದಿತು. ಕಿವಿ ಅಲುಗಿತು. ಆದರೂ ಕಂಬದಂತೆ ನಿಂತ. ಆಹಾ, ಮೆಕ್‌ಗವರ್ನ್ ವಂಶವೇ!

"ಗೆದ್ದ!" ಎಂದು ಪ್ಯಾಕಿ ಬಾಗಿಲು ತೆರೆದ.

ತಣ್ಣನೆ ಗಾಳಿ ಒಳನುಗ್ಗಿತು. ಫಿಂಟನ್ ಗೆಲುವಿನ ಮಾತಾಡಲೆಂದು ಬಾಯಿ ತೆರೆದ. ಮಾತು ಬರಲಿಲ್ಲ. ಬಂದದ್ದು ಕೆಮ್ಮು! ಅಂಥಿಂಥದ್ದಲ್ಲ. ಇಪ್ಪತ್ತು ವರ್ಷದಿಂದ ಕೂಡಿಟ್ಟ ಕೆಮ್ಮು! ಗ್ಲಾಸುಗಳು ಗಲಗಲ ಅಂದವು, ಬಿಷಪ್ ಹೆದರಿ ಯಾರದೋ ಪ್ಯಾಂಟಿನೊಳಗೆ ಹೊಕ್ಕ.

"ಈ ಕೆಮ್ಮು ಕೇಳಿದ್ದೀನಿ," ಎಂದಳು ಡಿಂಪ್ನಾ, ಗಲಾಟೆ ಇಳಿದ ಮೇಲೆ. "ಹೋದ ಚಳಿಗಾಲ ಪೂಜೆಯ ನಡುವೆ ಕೆಮ್ಮಿದವನು ನೀನೇ. ಆಮೇಲೆ ಬ್ರೆಡ್ಡು ತಿಂದೆ. ವಾಸಿಯಾಯ್ತು. ನಿನ್ನ ಥ್ಯಾಂಕ್ಸ್ ಊರ್ಜಿತ."

ಇನ್ನು ಉಳಿದದ್ದು ಒಂದೇ ದಾರಿ, ಅದನ್ನೂ ಡಿಂಪ್ನಾಳೇ ಹೇಳಿದಳು. ಥ್ಯಾಂಕ್ಸ್ ಕೊಟ್ಟವನು ಅದನ್ನು ಮರಳಿ ಕೇಳಬೇಕು, ಪಡೆದವಳು ತನ್ನ ಬಾಯಿಂದ 'ತಗೋ, ವಾಪಸ್ಸು' ಅನ್ನಬೇಕು. ಆಗ ಥ್ಯಾಂಕ್ಸ್ ಹೇಳಿಯೇ ಇಲ್ಲವೆಂದು ಲೆಕ್ಕ.

ಊರಿಗೆ ಊರೇ ಫಿಂಟನ್ನನ ಹಿಂದೆ ಹೊರಟಿತು. ಅವರಲ್ಲಿ ಕಾರ್ಮಕ್ ಎಂಬ ಹುಡುಗಪ್ರಾಯದ ರೈತನೂ ಇದ್ದ. ಅವನ ತೋಳಿನಲ್ಲಿ ಪುಟ್ಟ ಮಗಳು, ಅವಳ ಎದೆಯಲ್ಲಿ ನಿಜವಾದ ನಾಯಿಕೆಮ್ಮು. ನಗುತ್ತಿದ್ದವರು ಆ ಸದ್ದು ಕೇಳಿದಾಗಲೆಲ್ಲ ನಗು ನಿಲ್ಲಿಸುತ್ತಿದ್ದರು.

ಎಲ್ಲರೂ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತರು. ಫಿಂಟನ್ ಒಳಗೆ ಹೋಗಿ ಟೋಪಿ ತೆಗೆದ. ಅಟ್ರಾಕ್ಟಾ ಒಲೆಯ ಮುಂದೆ ಕೂತಿದ್ದಳು.

"ಅಟ್ರಾಕ್ಟಾ, ಆ ದಿನ ನಾನು ಒಂದು ಮಾತು ಹೇಳಿದ್ದೆ."

"ಹೂಂ."

"ಅದನ್ನ ವಾಪಸ್ ಕೊಟ್ಟುಬಿಡು."

"ಕೊಡಲ್ಲ."

"ಬಾಯಿತಪ್ಪಿ ಬಂದದ್ದು ಕಣೇ! ಮನಸ್ಸಿನಿಂದ ಹೇಳಿದ್ದಲ್ಲ!"

ಹೇಳಿದ ಮೇಲೆ ಫಿಂಟನ್ನನಿಗೆ ಆ ಮಾತಿನ ರುಚಿ ತನ್ನ ಬಾಯಲ್ಲೇ ಕಹಿಯಾಯಿತು. ಕಿಟಕಿಯಲ್ಲಿದ್ದ ಹೆಂಗಸರ ಮೂಗುಗಳು ಒಂದೊಂದಾಗಿ ಗಾಜಿನಿಂದ ಹಿಂದೆ ಸರಿದವು.

"ಗೊತ್ತು," ಎಂದಳು ಅಟ್ರಾಕ್ಟಾ. "ಬಲ್ಬಿಗೆ ಹೇಳಿ ಮಿಕ್ಕಿದ್ದನ್ನ ನನಗೆ ಹೇಳಿದೆ. ಪರವಾಗಿಲ್ಲ. ಇಪ್ಪತ್ತು ವರ್ಷಕ್ಕೆ ನನಗೆ ಸಿಕ್ಕಿದ್ದು ಅದೊಂದೇ. ಬಾಯಿತಪ್ಪಿಯೇ ಬಂದಿರಲಿ, ಅದು ನನ್ನದು. ಕೊಡಲ್ಲ."

"ನನ್ನ ಕುರ್ಚಿ ಹೋಯ್ತು ಕಣೇ! ಒಂದು ಫೆರೆಟ್ಟು ಕೂತಿದೆ!"

"ಅದು ಆ ಕುರ್ಚಿಗೆ ಹಾಲಾದರೂ ಕುಡೀತು. ನೀನೇನು ಮಾಡಿದ್ದೆ?"

ಹೊರಗೆ ಮಗು ಕೆಮ್ಮಿತು. ಕಾರ್ಮಕ್ ಬಾಗಿಲಿಗೆ ಬಂದ. "ಅಕ್ಕ, ಇವಳಿಗೆ ಏನು ಮಾಡ್ಲಿ? ಆ ಎಂಜಲು ಹಾಲು ಬಾಯಿಗೆ ಹಾಕ್ಲಾ?"

ಅಟ್ರಾಕ್ಟಾ ದಡಕ್ಕನೆ ಎದ್ದಳು. "ಹಾಕಿದ್ರೆ ನಿನ್ನ ಕೈ ಮುರೀತೀನಿ! ಮಧ್ಯಾಹ್ನದ ಬಸ್ಸಿದೆ, ಪೇಟೆಗೆ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸು. ಉಳಿದ ಮಕ್ಕಳಿಗೆ ಸೂಜಿ ಹಾಕಿಸು. ಬ್ರೆಡ್ಡು ಕೊಡುವಾಗೆಲ್ಲ ಒಬ್ಬೊಬ್ಬರಿಗೂ ಇದನ್ನೇ ಹೇಳ್ತಿದ್ದೆ. ಬ್ರೆಡ್ಡು ಇಸಕೊಂಡ್ರಿ, ಮಾತು ಬಿಟ್ಟುಹೋದ್ರಿ. ಈಗ ನನ್ನ ಹತ್ರ ಬ್ರೆಡ್ಡಿಲ್ಲ. ಮಾತೇ ಇರೋದು. ತಗೊಂಡು ಹೊರಡು!"

ಕಾರ್ಮಕ್ ಓಡಿದ. ಮಗು ವಾರಗಟ್ಟಲೆ ಕೆಮ್ಮಿ, ಡಾಕ್ಟರ ಔಷಧಿಯಲ್ಲಿ ಉಳಿಯಿತು. ಬೇರೆ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಅದೇ ಬಸ್ಸಿಗೆ ಕಾದರು. ಬಿಷಪ್ ಮೊಲ ಹಿಡಿಯುವ ಕಸುಬಿಗೆ ಮರಳಿದ. ಡಿಂಪ್ನಾ ಮಾತ್ರ ಇದೆಲ್ಲ ತನ್ನದೇ ಸಲಹೆ ಎಂದು ಇವತ್ತಿಗೂ ಹೇಳುತ್ತಾಳೆ.

ಫಿಂಟನ್? ಅವನಿಗೆ ಹಸಿವಾಯಿತು.

"ಬ್ರೆಡ್ಡಿಲ್ವಾ?" ಎಂದ.

"ಹಿಟ್ಟು ಡಬ್ಬದಲ್ಲಿದೆ. ಮಜ್ಜಿಗೆ ಜಗ್ಗಿನಲ್ಲಿದೆ. ಕೈ ನಿನ್ನ ತೋಳಿನ ತುದಿಯಲ್ಲಿದೆ."

"ಏನು ಮಹಾ! ಹೆಂಗಸರು ಮಾಡೋದನ್ನ ನಾನು ಮಾಡಲಾರೆನಾ?" ಎಂದು ಫಿಂಟನ್ ತೋಳು ಮಡಚಿದ. ಹಿಟ್ಟು ಅವನ ಹುಬ್ಬಿಗೆ ಹತ್ತಿತು, ಬೆಕ್ಕಿಗೆ ಹತ್ತಿತು, ಗೋಡೆಯ ಮೇಲಿದ್ದ ಸಂತನ ಚಿತ್ರಕ್ಕೂ ಹತ್ತಿತು. ಮಜ್ಜಿಗೆ ಜಾಸ್ತಿಯಾಯಿತೆಂದು ಹಿಟ್ಟು, ಹಿಟ್ಟು ಜಾಸ್ತಿಯಾಯಿತೆಂದು ಮಜ್ಜಿಗೆ. ಕೈ ಸುಟ್ಟಿತು, ಸೊಂಟ ಹಿಡಿಯಿತು, ಹೊಗೆಗೆ ಮತ್ತೆ ಕೆಮ್ಮು ಬಂತು. ಸಂಜೆಯ ಹೊತ್ತಿಗೆ ಒಲೆಯಿಂದ ಒಂದು ವಸ್ತು ಹೊರಬಂತು. ಮೇಜಿನ ಮೇಲೆ ಇಟ್ಟರೆ ಮೇಜು ನರಳಿತು.

ಆದರೂ ಅವನ ಎದೆ ಉಬ್ಬಿತ್ತು. ದಪ್ಪಗೆ ಒಂದು ತುಂಡು ಕತ್ತರಿಸಿ (ಅರ್ಥಾತ್ ಕೊಡಲಿಯ ಹಿಂಬದಿಯಿಂದ ಒಡೆದು), ಬೆಣ್ಣೆ ಹಚ್ಚಿ, ಹೆಂಡತಿಯ ಮುಂದಿಟ್ಟು, ಎದುರು ಕೂತು ಅವಳ ಮುಖವನ್ನೇ ನೋಡಿದ.

ಅಟ್ರಾಕ್ಟಾ ಕಚ್ಚಿದಳು. ಅಗಿದಳು. ಬಹಳ ಹೊತ್ತು ಅಗಿದಳು. ನುಂಗಿದಳು. ತಟ್ಟೆ ಸರಿಸಿ ಎದ್ದು ಹೊರಟಳು.

ಫಿಂಟನ್ ಕಾದ. ಅವಳು ಬಾಗಿಲವರೆಗೆ ಹೋದಳು.

"ಅಟ್ರಾಕ್ಟಾ!" ಎಂದ, ಅಳುವ ದನಿಯಲ್ಲಿ. "ಮಧ್ಯಾಹ್ನದಿಂದ ಬೆಂದಿದ್ದೀನಿ! ಒಂದು ಮಾತೂ ಹೇಳಲ್ವಾ?"

"ಹೇಗೆ ಹೇಳೋದು ಮಾರಾಯ? ನೀನೂ ಮದುವೆಯಾಗಿ ಹೆಸರು ಬದಲಾಯಿಸದ ಮೆಕ್‌ಗವರ್ನ್! ಹೇಳಿದ್ರೆ ನಿನ್ನ ಕೈಗುಣ ಹೋಗಿಬಿಡುತ್ತಲ್ಲ! ನಿನ್ನ ಒಳ್ಳೇದಕ್ಕೇ ತಡ್ಕೊಂಡಿದ್ದೀನಿ."

ನಗುತ್ತಿದ್ದೀರಾ? ಫಿಂಟನ್ನನಿಗಾದರೂ ಒಂದು ಕಟ್ಟಳೆಯ ನೆಪವಿತ್ತು. ನಿಮಗೆ ಯಾವುದಿದೆ? 'ಮನೆಯವರಿಗೆಂಥ ಥ್ಯಾಂಕ್ಸು, ಮನಸ್ಸಿನಲ್ಲಿದ್ದರೆ ಸಾಲದೇ' ಅನ್ನಬೇಡಿ. ಮನಸ್ಸಿನಲ್ಲಿರುವುದು ಒಲೆಯ ಮುಂದೆ ನಿಂತವರ ಕಿವಿಗೆ ಬೀಳುವುದಿಲ್ಲ. ಇದನ್ನು ಮಡಚಿಡಿ. ಎದ್ದು ಅಡುಗೆಮನೆಗೆ ಹೋಗಿ. ಬಾಯಿತಪ್ಪಿಯಲ್ಲ, ಬಾಯಿಬಿಟ್ಟು ಹೇಳಿ. ಹೇಳಿ, ಅವರ ಕೈಯಿಂದ ಆ ಸೌಟು ಇಸಕೊಳ್ಳಿ.